ಹೆಸರೇ ಇಲ್ಲದ ಪಕ್ಷ ಗೆಲ್ಲುವುದು ಹೇಗೆ? ಕ್ಯಾಂಪಸ್ ಚುನಾವಣೆಗಳ ಹಿಂದಿನ ರಹಸ್ಯ ಸಂಘಗಳು

ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಬಂದಾಗಲೆಲ್ಲ ಸುದ್ದಿಯಲ್ಲಿ ಒಂದು ಹೆಸರು ತೇಲಿಬರುತ್ತದೆ: ‘ದಿ ಮಷೀನ್’. ಅದಕ್ಕೆ ಕಚೇರಿ ಇಲ್ಲ, ನೋಂದಣಿ ಇಲ್ಲ, ಪದಾಧಿಕಾರಿಗಳ ಪಟ್ಟಿ ಇಲ್ಲ. ಮತಪತ್ರದ ಮೇಲೂ ಅದರ ಹೆಸರಿರುವುದಿಲ್ಲ. ಆದರೂ ನೂರು ವರ್ಷಗಳಿಂದ ಅಲ್ಲಿನ ಅಧ್ಯಕ್ಷ ಪದವಿ ಹೆಚ್ಚು ಕಡಿಮೆ ಅದರ ಕೈಯಲ್ಲೇ ಇದೆ. ಸೋತದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ದೂರದಿಂದ ಓದುವವರಿಗೆ ಇದು ಪತ್ತೇದಾರಿ ಕಥೆಯಂತೆ ಕಾಣುತ್ತದೆ. ತಲೆಬುರುಡೆಯ ಚಿಹ್ನೆ, ಗುಟ್ಟಿನ ಸಭೆ, ಪ್ರತಿಜ್ಞೆ ಎಲ್ಲವೂ ಇದರಲ್ಲಿ ಉಂಟು. ಆದರೆ ಗೆಲುವು ಬರುವುದು ಅವುಗಳಿಂದಲ್ಲ. ಬಹುಪಾಲು ವಿದ್ಯಾರ್ಥಿಗಳು ಮತ ಹಾಕದಿರುವುದು, ಹಾಕುವ ಒಂದು ಗುಂಪು ಒಂದೇ ಹೆಸರಿಗೆ ಹಾಕುವುದು, ಗೆದ್ದವರ ಕೈಗೆ ಹಂಚಲು ಏನಾದರೂ ಸಿಗುವುದು, ಈ ಮೂರು ಕೂಡಿದರೆ ಗೆಲುವು ಖಚಿತ. ಗುಟ್ಟಿನ ಕೆಲಸ ಬೇರೆಯದು. ಗೆದ್ದ ಮೇಲೆ ಯಾರನ್ನು ಪ್ರಶ್ನಿಸಬೇಕೆಂಬುದೇ ಗೊತ್ತಾಗದಂತೆ ನೋಡಿಕೊಳ್ಳುವುದು.

ಎಲ್ಲ ರಹಸ್ಯ ಸಂಘಗಳೂ ಒಂದೇ ಅಲ್ಲ

ಕ್ಯಾಂಪಸ್ ರಹಸ್ಯ ಸಂಘ ಎಂದೊಡನೆ ನೆನಪಾಗುವುದು ಯೇಲ್ ವಿಶ್ವವಿದ್ಯಾಲಯದ ‘ಸ್ಕಲ್ ಅಂಡ್ ಬೋನ್ಸ್’. 1832ರಲ್ಲಿ ಶುರುವಾದ ಅದು ವರ್ಷಕ್ಕೆ 15 ಮಂದಿಯನ್ನು ಸೇರಿಸಿಕೊಳ್ಳುತ್ತದೆ. 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರಾಳಿಗಳಾಗಿದ್ದ ಜಾರ್ಜ್ ಡಬ್ಲ್ಯೂ ಬುಷ್ ಮತ್ತು ಜಾನ್ ಕೆರಿ ಇಬ್ಬರೂ ಅದರ ಸದಸ್ಯರೇ. ಆದರೆ ಹದಿನೈದು ಮತಗಳಿಂದ ಯಾವ ವಿದ್ಯಾರ್ಥಿ ಚುನಾವಣೆಯೂ ಗೆಲ್ಲುವುದಿಲ್ಲ. ಅದರ ಪ್ರಯೋಜನ ಪದವಿ ಮುಗಿದ ಮೇಲಿನ ನಂಟುಗಳಲ್ಲಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ‘ಸೆವೆನ್ ಸೊಸೈಟಿ’ ಇನ್ನೂ ಬೇರೆ ಬಗೆಯದು. ಅದರ ಸದಸ್ಯರ ಹೆಸರು ಹೊರಬರುವುದು ಅವರು ತೀರಿಕೊಂಡ ಮೇಲೆ. ಅದು ಹೆಸರಾಗಿರುವುದು ದೇಣಿಗೆಗಳಿಗೆ.

ಅಲಬಾಮಾದ ಮಷೀನ್‌ಗೆ ಇಂಥವರ ಸಾಲಿನಲ್ಲಿ ಜಾಗವಿಲ್ಲ. ಅದು ಆಯ್ದ ಕೆಲವರ ಕೂಟವಲ್ಲ, ಮತಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ. ಪತ್ರಿಕೆಗಳು ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಗೊಂದಲ ಶುರುವಾಗುತ್ತದೆ.

ಹುಟ್ಟು ಮತ್ತು ಒಳರಚನೆ

1870ರಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ‘ಥೀಟಾ ನ್ಯೂ ಎಪ್ಸಿಲಾನ್’ ಎಂಬ ಸಂಘ ಹುಟ್ಟಿತು. ಎರಡನೇ ವರ್ಷದ ವಿದ್ಯಾರ್ಥಿಗಳ ಸಂಘ ಅದು. ಬೇರೆ ಬೇರೆ ಫ್ರಟರ್ನಿಟಿಗಳ, ಅಂದರೆ ಒಂದೇ ಮನೆಯಲ್ಲಿ ವಾಸಿಸುವ ಹುಡುಗರ ಸಂಘಗಳ, ಸದಸ್ಯರು ಇದರಲ್ಲಿ ಒಟ್ಟಿಗೆ ಇರಬಹುದಾಗಿತ್ತು. ಹೀಗೆ ಪೈಪೋಟಿಯ ಮನೆಗಳ ನಡುವೆ ಒಂದು ಗುಪ್ತ ಕೊಂಡಿ ಏರ್ಪಟ್ಟಿತು. ಅದರ ಶಾಖೆಗಳು ಹಲವು ವಿಶ್ವವಿದ್ಯಾಲಯಗಳಿಗೆ ಹಬ್ಬಿದವು. ಅಲಬಾಮಾ ಶಾಖೆಗೇ ಮಷೀನ್ ಎಂಬ ಅಡ್ಡಹೆಸರು. ಅಲ್ಲಿನ ವಿದ್ಯಾರ್ಥಿ ಸರ್ಕಾರದ, ಅಂದರೆ ಎಸ್‌ಜಿಎಯ, ಮೊದಲ ಅಧ್ಯಕ್ಷ ಲಿಸ್ಟರ್ ಹಿಲ್. ಮಷೀನ್ ಕಟ್ಟಿದವರೂ ಅವರೇ ಎನ್ನುತ್ತಾರೆ. ಮುಂದೆ ಹಿಲ್ 1938ರಿಂದ 1969ರವರೆಗೆ ಅಮೆರಿಕದ ಸೆನೆಟರ್ ಆಗಿದ್ದರು. ಕ್ಯಾಂಪಸ್ ಪದವಿಯಿಂದ ರಾಜ್ಯ ರಾಜಕಾರಣಕ್ಕೆ ಏಣಿ ಹಾಕುವ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಇದರ ಬುನಾದಿ ಫ್ರಟರ್ನಿಟಿ ಮತ್ತು ಸೊರೊರಿಟಿಗಳು. ಗ್ರೀಕ್ ಅಕ್ಷರಗಳ ಹೆಸರಿರುವ, ಸದಸ್ಯರು ಒಟ್ಟಿಗೆ ವಾಸಿಸುವ ಮನೆಗಳು ಇವು. ಹುಡುಗರದು ಫ್ರಟರ್ನಿಟಿ, ಹುಡುಗಿಯರದು ಸೊರೊರಿಟಿ. ಅಲಬಾಮಾದಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಇಂಥ ಒಂದಲ್ಲ ಒಂದು ಮನೆಗೆ ಸೇರಿದವರು. ಮಷೀನ್ ಎಂದರೆ ಇವುಗಳ ಪೈಕಿ ಸಾಂಪ್ರದಾಯಿಕವಾಗಿ ಬಿಳಿಯರದ್ದಾದ ಮನೆಗಳ ಒಕ್ಕೂಟ. ಕಪ್ಪು ವಿದ್ಯಾರ್ಥಿಗಳ ಚಾರಿತ್ರಿಕ ಸಂಘಗಳು ಅದರ ಹೊರಗಿವೆ. ಒಳಗಿನ ಪ್ರತಿ ಮನೆಯೂ ತನ್ನ ಪ್ರತಿನಿಧಿಗಳನ್ನು ಕಳಿಸುತ್ತದೆ. ಅವರು ಕೂತು ಯಾವ ಹುದ್ದೆ ಯಾವ ಮನೆಗೆ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನ ಮನೆಮನೆಗೆ ತಲುಪುತ್ತದೆ. ಮತ ಹಾಕುವ ಹತ್ತೊಂಬತ್ತರ ಹುಡುಗಿಗೆ ಸಿಗುವುದು ಹೆಸರುಗಳ ಪಟ್ಟಿ ಮಾತ್ರ. ಪಟ್ಟಿ ಮಾಡಿದವರು ಯಾರು, ಏಕೆ ಹೀಗೆ ಮಾಡಿದರು ಎಂದು ಅವಳಿಗೆ ಯಾರೂ ಹೇಳುವುದಿಲ್ಲ.

ಗೆಲುವಿನ ಲೆಕ್ಕ

ಒಂದು ಕಾಲ್ಪನಿಕ ವಿಶ್ವವಿದ್ಯಾಲಯ ಇಟ್ಟುಕೊಳ್ಳೋಣ. 30,000 ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ 3,000 ಮಂದಿ, ಅಂದರೆ ಬರೀ ಶೇ 10, ಒಂದು ಸಂಘಟಿತ ಗುಂಪು. ಈ ಗುಂಪಿನಲ್ಲಿ ಶೇ 90 ಮಂದಿ ಮತ ಹಾಕುತ್ತಾರೆ ಎಂದರೆ 2,700 ಮತ, ಎಲ್ಲವೂ ಒಬ್ಬನಿಗೇ. ಉಳಿದ 27,000 ಮಂದಿಯಲ್ಲಿ ಶೇ 15 ಮಾತ್ರ ಮತ ಹಾಕಿದರೆ 4,050. ಕ್ಯಾಂಪಸ್ ಚುನಾವಣೆಗಳಲ್ಲಿ ಇಷ್ಟು ಕಡಿಮೆ ಮತದಾನ ಅಪರೂಪವೇನಲ್ಲ. ಆ 4,050 ಇಬ್ಬರು ಅಭ್ಯರ್ಥಿಗಳ ನಡುವೆ 2,250 ಮತ್ತು 1,800 ಎಂದು ಹಂಚಿಹೋದರೆ ಗುಂಪಿನ ಅಭ್ಯರ್ಥಿ ಗೆದ್ದ. ಚಲಾವಣೆಯಾದ ಮತಗಳಲ್ಲಿ ಅವನಿಗೆ ಬಿದ್ದದ್ದು ಶೇ 40. ಒಟ್ಟು ವಿದ್ಯಾರ್ಥಿಗಳ ಲೆಕ್ಕದಲ್ಲಿ ಶೇ 9.

ಹೊರಗಿನವರು ಒಬ್ಬನ ಹಿಂದೆ ನಿಂತಿದ್ದರೆ 4,050ಕ್ಕೆ 2,700ರಿಂದ ಗುಂಪು ಸೋಲುತ್ತಿತ್ತು. ಆದರೆ ಒಗ್ಗಟ್ಟು ಒಂದೇ ಸಾಲದು. ಒಗ್ಗಟ್ಟಾದ ಮೇಲೂ ಹೊರಗಿನವರ ಮತದಾನ ಶೇ 8ಕ್ಕೆ ಇಳಿದರೆ ಅವರಿಗೆ ಸಿಗುವುದು 2,160, ಮತ್ತೆ ಸೋಲು. ಈ ಉದಾಹರಣೆಯಲ್ಲಿ ಗಡಿರೇಖೆ ಶೇ 10.

ಅಲಬಾಮಾದಲ್ಲಿ ಗುಂಪಿನ ಪ್ರಮಾಣ ಇದಕ್ಕಿಂತ ಎಷ್ಟೋ ದೊಡ್ಡದು. 30,000ದಲ್ಲಿ 10,000 ಮಂದಿ ಗುಂಪಿನವರಾದರೆ, ಅವರಲ್ಲಿ ಶೇ 60 ಮಂದಿ ಮತ ಹಾಕಿದರೆ ಸಾಕು, ಹೊರಗಿನ 20,000 ಮಂದಿ ಒಂದಾಗಿಯೂ ಶೇ 30 ದಾಟಲೇಬೇಕಾಗುತ್ತದೆ. ತರಗತಿ ಮುಗಿಸಿ ಕೆಲಸಕ್ಕೆ ಓಡುವ, ಕ್ಯಾಂಪಸ್‌ನಿಂದ ದೂರ ಬಾಡಿಗೆ ಮನೆಯಲ್ಲಿರುವ, ಎಸ್‌ಜಿಎ ಏನು ಮಾಡುತ್ತದೆಂದೇ ತಿಳಿಯದ ವಿದ್ಯಾರ್ಥಿಗಳನ್ನು ಆ ಮಟ್ಟಕ್ಕೆ ತರುವುದು ಹುಡುಗಾಟವಲ್ಲ.

ಶಿಸ್ತು ಎಲ್ಲಿಂದ ಬರುತ್ತದೆ?

ಗುಂಪಿನೊಳಗಿನ ವಿದ್ಯಾರ್ಥಿ ಹೇಳಿದ ಹೆಸರಿಗೇ ಏಕೆ ಮತ ಹಾಕಬೇಕು? ಮೊದಲ ಕಾರಣ, ಅದರಿಂದ ತನ್ನ ಮನೆಗೆ ಸಿಗುವ ಲಾಭ. ವಿದ್ಯಾರ್ಥಿ ಶುಲ್ಕದ ಹಣದಿಂದ ಸಂಘಟನೆಗಳಿಗೆ ಅನುದಾನ ಹಂಚುವುದರಲ್ಲಿ ವಿದ್ಯಾರ್ಥಿ ಸರ್ಕಾರಕ್ಕೆ ಮಾತಿದೆ. ಸಮಿತಿಗಳ ನೇಮಕವೂ ಅದರದೇ. ಅಲಬಾಮಾದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಜಗಳ ಎಬ್ಬಿಸಿದ್ದು ಫುಟ್ಬಾಲ್ ಪಂದ್ಯದ ಆಸನ. ಬ್ರಯಂಟ್-ಡೆನ್ನಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರಬಹುದು. ವಿದ್ಯಾರ್ಥಿಗಳ ಭಾಗದಲ್ಲಿ ಒಳ್ಳೆಯ ಸಾಲುಗಳನ್ನು ಸಂಘಟನೆಗಳಿಗೆ ಗುಂಪಾಗಿ ಕಾಯ್ದಿರಿಸುವ ಪದ್ಧತಿ ಬೆಳೆದಿತ್ತು. ಅದರ ಹಂಚಿಕೆಯಲ್ಲಿ ವಿದ್ಯಾರ್ಥಿ ಸರ್ಕಾರದ ಕೈ ಇತ್ತು. ಯಾವ ಸಂಘಕ್ಕೂ ಸೇರದ ವಿದ್ಯಾರ್ಥಿ ಗಂಟೆಗಟ್ಟಲೆ ಮೊದಲೇ ಬಂದು ಸಾಲಿನಲ್ಲಿ ನಿಲ್ಲಬೇಕು. ಮನೆಯ ಸದಸ್ಯರು ಆಟ ಶುರುವಾಗುವ ಹೊತ್ತಿಗೆ ನಡೆದು ಬಂದು ಮುಂದೆ ಕೂರಬಹುದು. ಹದಿನೆಂಟರ ಹುಡುಗನಿಗೆ ಅಧಿಕಾರ ಎಂದರೇನೆಂದು ಇದಕ್ಕಿಂತ ಸಲೀಸಾಗಿ ಅರ್ಥವಾಗುವ ಪಾಠ ಬೇರೆ ಇಲ್ಲ.

ಎರಡನೆಯದು ಭಯ. ಹೊಡೆತದ ಭಯಕ್ಕಿಂತ ಒಂಟಿಯಾಗುವ ಭಯ. ಒಂದು ಸೊರೊರಿಟಿ ಒಕ್ಕೂಟದ ಮಾತು ಮೀರಿದರೆ ಫ್ರಟರ್ನಿಟಿಗಳು ಅದರ ಜತೆ ಸಮಾರಂಭ ನಡೆಸುವುದನ್ನು ನಿಲ್ಲಿಸುತ್ತವೆ. ಮುಂದಿನ ವರ್ಷ ಹೊಸಬರು ಆ ಮನೆಗೆ ಸೇರಲು ಹಿಂಜರಿಯುತ್ತಾರೆ. ಸದಸ್ಯರು ಕಡಿಮೆಯಾದರೆ ಮನೆಯ ಖರ್ಚು ಉಳಿದವರ ತಲೆಗೆ. ಹೀಗೆ ಒಂದು ಮತದ ಬೆಲೆ ಇಡೀ ಮನೆಯ ಮೇಲೆ ಬೀಳುತ್ತದೆ, ಮನೆಯವರೇ ಒಬ್ಬರನ್ನೊಬ್ಬರು ಕಾಯುತ್ತಾರೆ.

ಮೂರನೆಯದು ಮೊಬೈಲ್ ಫೋನ್. ಇದರ ಬಗ್ಗೆ ಚರ್ಚೆ ತೀರ ಕಡಿಮೆ, ಆದರೆ ನನ್ನ ಪ್ರಕಾರ ತಾಂತ್ರಿಕವಾಗಿ ಇದೇ ಮುಖ್ಯ. ಗುಪ್ತ ಮತದಾನವನ್ನು 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ಜಾರಿಗೆ ತಂದದ್ದು ಇಂಥ ಒತ್ತಡವನ್ನು ಮುರಿಯಲೆಂದೇ. ಪರದೆಯ ಹಿಂದೆ ಒಬ್ಬರೇ ಹೋಗಬೇಕು, ಹೊರಬಂದು ಏನು ಹೇಳಿದರೂ ಸಾಬೀತು ಮಾಡಲಾಗದು. ಹಾಗಾಗಿ ಬೆದರಿಸಿಯೂ ಉಪಯೋಗವಿಲ್ಲ, ದುಡ್ಡು ಕೊಟ್ಟೂ ಉಪಯೋಗವಿಲ್ಲ. ಇಂದು ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಮತದಾನ ಆನ್‌ಲೈನ್. ಮನೆಯ ಹಜಾರದಲ್ಲಿ ಸೋಫಾದ ಮೇಲೆ ಆರು ಜನ ಕೂತಿರುತ್ತಾರೆ, ಫೋನ್ ಕೈಯಲ್ಲಿರುತ್ತದೆ, ಪಕ್ಕದವಳು ಪರದೆ ನೋಡುತ್ತಿರುತ್ತಾಳೆ. ಮತ ಹಾಕಿ ಸ್ಕ್ರೀನ್‌ಶಾಟ್ ಕಳಿಸು ಎಂದರೆ ಮುಗಿಯಿತು. ಮತದಾರಳ ಗುಟ್ಟು ಬಯಲಾಯಿತು, ಪಟ್ಟಿ ಮಾಡಿದವರ ಗುಟ್ಟು ಹಾಗೇ ಉಳಿಯಿತು.

ಸೋತ ವರ್ಷಗಳು

ಮಷೀನ್ ಸೋತ ಚುನಾವಣೆಗಳು ಮೇಲಿನ ಲೆಕ್ಕಕ್ಕೆ ಸಾಕ್ಷಿ. 1976ರಲ್ಲಿ ಕ್ಲಿಯೊ ಥಾಮಸ್ ಮೊದಲ ಕಪ್ಪು ಅಧ್ಯಕ್ಷರಾಗಿ ಗೆದ್ದದ್ದು ಕಪ್ಪು ವಿದ್ಯಾರ್ಥಿಗಳು, ಸಂಘಗಳಾಚೆಯ ವಿದ್ಯಾರ್ಥಿಗಳು ಮತ್ತು ಸೊರೊರಿಟಿಗಳಿಂದ ಒಡೆದು ಬಂದ ಮತಗಳು ಕೂಡಿದ್ದರಿಂದ. 1986ರಲ್ಲಿ ಗೆದ್ದ ಜಾನ್ ಮೆರಿಲ್ ಕೂಡ ಮಷೀನ್ ಬೆಂಬಲವಿಲ್ಲದವರು. ಮುಂದೆ ಅವರು ಅಲಬಾಮಾದ ಸೆಕ್ರೆಟರಿ ಆಫ್ ಸ್ಟೇಟ್ ಆದರು, ಅಂದರೆ ಇಡೀ ರಾಜ್ಯದ ಚುನಾವಣೆಗಳ ಉಸ್ತುವಾರಿ ಹೊತ್ತರು. 2015ರಲ್ಲಿ ಎಲಿಯಟ್ ಸ್ಪಿಲ್ಲರ್ಸ್ ಗೆದ್ದಾಗ ಥಾಮಸ್ ನಂತರ ಎರಡನೇ ಕಪ್ಪು ಅಧ್ಯಕ್ಷ ಬರಲು 39 ವರ್ಷ ಹಿಡಿದಿತ್ತು.

ಆದರೆ ಅಧ್ಯಕ್ಷ ಪದವಿ ಗೆದ್ದ ಮಾತ್ರಕ್ಕೆ ಅಧಿಕಾರ ಕೈಗೆ ಬರುವುದಿಲ್ಲ. ಸ್ಪಿಲ್ಲರ್ಸ್ ತಮ್ಮ ಕಚೇರಿಯ ಮುಖ್ಯಸ್ಥನಾಗಿ ಆರಿಸಿಕೊಂಡವರ ನೇಮಕವನ್ನು ವಿದ್ಯಾರ್ಥಿ ಸೆನೆಟ್ ತಡೆಹಿಡಿದಿತ್ತು. ಸೆನೆಟ್ ಸ್ಥಾನಗಳ ಚುನಾವಣೆಗೆ ಪ್ರಚಾರ ಕಡಿಮೆ, ಹೊರಗಿನ ಅಭ್ಯರ್ಥಿಗಳು ಇನ್ನೂ ಕಡಿಮೆ. ಅಲ್ಲಿ ಗುಂಪಿನ ಲೆಕ್ಕ ಇನ್ನಷ್ಟು ಸಲೀಸು.

1993: ಮುಚ್ಚಿದರೆ ಏನಾಗುತ್ತದೆ

1993ರಲ್ಲಿ ಮಷೀನ್ ಬೆಂಬಲವಿಲ್ಲದೆ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಿದ್ಯಾರ್ಥಿನಿಯೊಬ್ಬರ ಮೇಲೆ ಅವರ ಮನೆಯಲ್ಲೇ ಹಲ್ಲೆ ನಡೆಯಿತು. ಹಲ್ಲೆಗೆ ಮೊದಲು ಬೆದರಿಕೆಗಳು ಬಂದಿದ್ದವು. ವಿಶ್ವವಿದ್ಯಾಲಯ ಇಡೀ ವಿದ್ಯಾರ್ಥಿ ಸರ್ಕಾರವನ್ನೇ ವಿಸರ್ಜಿಸಿತು. 1996ರವರೆಗೆ ಅದು ಇರಲಿಲ್ಲ.

ಈ ಕ್ರಮದ ಪೆಟ್ಟು ಬಿದ್ದದ್ದು ಯಾರಿಗೆಂದು ನೋಡಬೇಕು. ಚುನಾಯಿತ ಸಂಸ್ಥೆ ಮುಚ್ಚಿತು, ಮನೆಗಳು ಮುಚ್ಚಲಿಲ್ಲ. ಮನೆಗಳ ನಡುವಿನ ಸಂಪರ್ಕ, ಹಳೆ ವಿದ್ಯಾರ್ಥಿಗಳ ನಂಟು, ಒಬ್ಬರಿಂದೊಬ್ಬರಿಗೆ ದಾಟುವ ಅನುಭವ ಎಲ್ಲ ಹಾಗೇ ಉಳಿದವು. ಕ್ಯಾಂಪಸ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೆಲ್ಲ ಬದಲಾಗುತ್ತಾರೆ. ಸಂಘಟನೆಗೆ ಸ್ವಂತ ಮನೆಯಿದ್ದರೆ ನೆನಪು ಉಳಿಯುತ್ತದೆ. ಹೊರಗಿನ ವಿದ್ಯಾರ್ಥಿಗಳಿಗೆ ಅಂಥ ಮನೆಯಿಲ್ಲ. ಪ್ರತಿ ಪೀಳಿಗೆಯೂ ಪ್ರಚಾರ ಹೇಗೆ ಮಾಡಬೇಕೆಂಬುದನ್ನು ಮೊದಲಿನಿಂದ ಕಲಿಯಬೇಕು. ಮೂರು ವರ್ಷ ಚುನಾವಣೆಯೇ ಇಲ್ಲದಿದ್ದರೆ ಅವರಲ್ಲಿ ಅನುಭವ ಇದ್ದವರೂ ಪದವಿ ಮುಗಿಸಿ ಹೋಗಿರುತ್ತಾರೆ.

ಕ್ಯಾಂಪಸ್ ಗೋಡೆ ದಾಟಿದಾಗ

ಇದು ಹುಡುಗರ ಆಟ, ಊರಿಗೇನು ಎನ್ನುವವರಿಗೆ 2013 ಉತ್ತರ ಕೊಟ್ಟಿತು. ಆ ವರ್ಷದ ಆಗಸ್ಟ್‌ನಲ್ಲಿ, ವಿಶ್ವವಿದ್ಯಾಲಯವಿರುವ ಟಸ್ಕಲೂಸಾ ನಗರದ ಶಾಲಾ ಮಂಡಳಿಯ ಒಂದು ಸ್ಥಾನಕ್ಕೆ ವಿದ್ಯಾರ್ಥಿ ಸರ್ಕಾರದ ಮಾಜಿ ಅಧ್ಯಕ್ಷರೊಬ್ಬರು ನಿಂತು, ಹಾಲಿ ಸದಸ್ಯೆಯನ್ನು ನೂರಕ್ಕೂ ಕಡಿಮೆ ಮತಗಳಿಂದ ಸೋಲಿಸಿದರು. ಗ್ರೀಕ್ ಮನೆಗಳ ವಿದ್ಯಾರ್ಥಿಗಳನ್ನು ಲಿಮೋಸಿನ್‌ಗಳಲ್ಲಿ ಮತಗಟ್ಟೆಗೆ ಕರೆತರಲಾಯಿತು, ಮತ ಹಾಕಿದವರಿಗೆ ಬಾರ್‌ಗಳಲ್ಲಿ ಪುಕ್ಕಟೆ ಪಾನೀಯದ ಆಮಿಷ ಒಡ್ಡಲಾಯಿತು, ಒಂದೇ ವಿಳಾಸದಲ್ಲಿ ಹಲವರನ್ನು ನೋಂದಾಯಿಸಲಾಯಿತು ಎಂಬ ಆರೋಪಗಳು ಬಂದವು. ಸೋತವರು ನ್ಯಾಯಾಲಯದ ಮೆಟ್ಟಿಲೇರಿದರು. ಮತದಾರ ಆ ಕ್ಷೇತ್ರದಲ್ಲಿ ಚುನಾವಣೆಗೆ 30 ದಿನ ಮೊದಲಿನಿಂದ ವಾಸವಿರಬೇಕೆಂಬುದು ನಿಯಮ. ರಜೆ ಮುಗಿಸಿ ಆಗಸ್ಟ್‌ನಲ್ಲಷ್ಟೇ ಮರಳಿದ ವಿದ್ಯಾರ್ಥಿಗಳು ಆ ನಿಯಮವನ್ನು ಪೂರೈಸುತ್ತಾರೆಯೇ ಎಂಬುದೇ ವಾದದ ತಿರುಳಾಯಿತು. ಲೆಕ್ಕ ಇಲ್ಲೂ ಅದೇ: ಊರಿನವರು ಆಸಕ್ತಿ ತೋರದ ಸಣ್ಣ ಚುನಾವಣೆ, ಶಿಸ್ತಿನ ಸಣ್ಣ ಗುಂಪು. ಸೋಲು ಗೆಲುವಿನ ಪರಿಣಾಮ ಮಾತ್ರ ಶಾಲೆಗೆ ಹೋಗುವ ಮಕ್ಕಳ ಮೇಲೆ.

ಮರುತಿಂಗಳೇ ವಿದ್ಯಾರ್ಥಿ ಪತ್ರಿಕೆ ‘ದಿ ಕ್ರಿಮ್ಸನ್ ವೈಟ್’ ಇನ್ನೊಂದು ವರದಿ ಪ್ರಕಟಿಸಿತು. ಎಲ್ಲ ಅರ್ಹತೆಯಿದ್ದ ಕಪ್ಪು ವಿದ್ಯಾರ್ಥಿನಿಗೆ ಸಾಂಪ್ರದಾಯಿಕ ಬಿಳಿಯರ ಸೊರೊರಿಟಿಗಳು ಪ್ರವೇಶ ನಿರಾಕರಿಸಿದ್ದನ್ನು ಅದು ಹೊರಗೆಳೆಯಿತು. 1963ರ ಜೂನ್ 11ರಂದು ರಾಜ್ಯಪಾಲ ಜಾರ್ಜ್ ವ್ಯಾಲೇಸ್ ಇಬ್ಬರು ಕಪ್ಪು ವಿದ್ಯಾರ್ಥಿಗಳ ಪ್ರವೇಶ ತಡೆಯಲು ಇದೇ ಕ್ಯಾಂಪಸ್ಸಿನ ಬಾಗಿಲಲ್ಲಿ ನಿಂತು ಆಗ 50 ವರ್ಷ. ಪ್ರತಿಭಟನೆಯ ನಂತರ ವಿಶ್ವವಿದ್ಯಾಲಯ ಸದಸ್ಯತ್ವವನ್ನು ಮತ್ತೆ ತೆರೆಯುವಂತೆ ಸೊರೊರಿಟಿಗಳಿಗೆ ಆದೇಶಿಸಿತು. ಮನೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದೇ ಅಧ್ಯಕ್ಷ ಯಾರಾಗುತ್ತಾರೆ ಎಂಬುದನ್ನೂ ನಿರ್ಧರಿಸುವ ಕಡೆ ಈ ಎರಡು ಸುದ್ದಿಗಳನ್ನು ಬೇರೆ ಬೇರೆಯಾಗಿ ಓದಲಾಗದು.

ಎರಡೂ ಕಡೆಯ ವಾದ

ಸಮರ್ಥಕರ ವಾದವನ್ನು ತಳ್ಳಿಹಾಕುವಂತಿಲ್ಲ. ಒಟ್ಟಾಗಿ ಒಬ್ಬರಿಗೆ ಮತ ಹಾಕುವುದು ಅಪರಾಧವೇ? ಎಲ್ಲ ರಾಜಕೀಯ ಪಕ್ಷಗಳೂ ಅದನ್ನೇ ಮಾಡುತ್ತವಲ್ಲ? ಹೊರಗಿನವರು ಮತ ಹಾಕದಿದ್ದರೆ ಅದು ನಮ್ಮ ತಪ್ಪೇ? ಎನ್ನುತ್ತಾರೆ ಅವರು. ವಿಮರ್ಶಕರ ಉತ್ತರ ಇಷ್ಟೇ: ಪಕ್ಷಕ್ಕೆ ಹೆಸರಿದೆ. ಅದು ಕೆಟ್ಟ ಕೆಲಸ ಮಾಡಿದರೆ ಮುಂದಿನ ಸಲ ಅದರ ಗುರುತಿಗೆ ಮತ ನಿರಾಕರಿಸಬಹುದು. ಹೆಸರಿಲ್ಲದ್ದನ್ನು ಸೋಲಿಸುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಗೆದ್ದವರು ಹಂಚುವುದು ಎಲ್ಲ ವಿದ್ಯಾರ್ಥಿಗಳೂ ಕಟ್ಟಿದ ಶುಲ್ಕದ ಹಣ. ನನಗೆ ಎರಡನೆಯ ವಾದವೇ ಗಟ್ಟಿ ಅನ್ನಿಸುತ್ತದೆ.

ಹಾಗಾದರೆ ಸದಸ್ಯರ ಪಟ್ಟಿ ಕೊಡಿ ಎಂದು ಆದೇಶಿಸಬಾರದೇಕೆ? ಇಲ್ಲಿ ಕಾನೂನು ಅಡ್ಡ ಬರುತ್ತದೆ, ಬರಲೂಬೇಕು. 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿಯ ಸದಸ್ಯರ ಪಟ್ಟಿಯನ್ನು ಇದೇ ಅಲಬಾಮಾ ಸರ್ಕಾರ ಕೇಳಿತ್ತು. ಕೊಡದಿದ್ದಕ್ಕೆ 1,00,000 ಡಾಲರ್ ದಂಡ ಬಿದ್ದಿತ್ತು. ಹೆಸರು ಬಯಲಾದರೆ ಸದಸ್ಯರ ಕೆಲಸಕ್ಕೂ ಜೀವಕ್ಕೂ ಅಪಾಯ ಎಂದು ಮನಗಂಡ ನ್ಯಾಯಾಲಯ, ಸಂಘಟಿತರಾಗುವ ಹಕ್ಕಿನಲ್ಲಿ ಗೋಪ್ಯತೆಯ ಹಕ್ಕೂ ಸೇರಿದೆ ಎಂದಿತು. ದುರ್ಬಲರನ್ನು ಕಾಪಾಡಿದ ಆ ಕವಚವನ್ನು ಸರ್ಕಾರಿ ವಿಶ್ವವಿದ್ಯಾಲಯವೊಂದು ಬಲಿಷ್ಠರ ಸಂಘವನ್ನು ಹಿಡಿಯುವ ನೆಪದಲ್ಲಿ ಹರಿಯಬಾರದು. ಹಾಗೆಂದು ಆ ಕವಚ ಎಲ್ಲರಿಗೂ ಸಿಕ್ಕಿಲ್ಲ. 1928ರಲ್ಲಿ, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘದ ಸದಸ್ಯರ ಪಟ್ಟಿ ಸಲ್ಲಿಸಬೇಕೆಂಬ ನ್ಯೂಯಾರ್ಕ್ ಕಾನೂನನ್ನು ಅದೇ ನ್ಯಾಯಾಲಯ ಎತ್ತಿಹಿಡಿದಿತ್ತು. ಸಂಘ ಏನು ಮಾಡುತ್ತದೆ ಎಂಬುದರ ಮೇಲೆ ತೀರ್ಪು ನಿಂತಿದೆ.

ನಿಷೇಧದ ದಾರಿ: ನೈಜೀರಿಯಾ

ಸದಸ್ಯತ್ವವನ್ನೇ ನಿಷೇಧಿಸಿದ ದೇಶವೂ ಇದೆ. ನೈಜೀರಿಯಾದ 1999ರ ಸಂವಿಧಾನದ 38ನೇ ವಿಧಿಯ 4ನೇ ಉಪವಿಧಿ, ರಹಸ್ಯ ಸಂಘ ಕಟ್ಟುವ ಅಥವಾ ಸೇರುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತದೆ. ಅಲ್ಲಿನ ಕಥೆ ಶುರುವಾದದ್ದು ಹಿಂಸೆಯಿಂದಲ್ಲ. 1952ರಲ್ಲಿ ಇಬಾದಾನ್‌ನ ಕಾಲೇಜಿನಲ್ಲಿ, ಮುಂದೆ ಸಾಹಿತಿಯಾಗಿ ಹೆಸರಾದ ವೋಲೆ ಸೋಯಿಂಕಾ ಮತ್ತು ಆರು ಗೆಳೆಯರು ‘ಪೈರೇಟ್ಸ್’ ಎಂಬ ಕೂಟ ಕಟ್ಟಿದರು. ವಸಾಹತುಶಾಹಿ ಠೀವಿಗೂ ಬುಡಕಟ್ಟು ಸಂಕುಚಿತತೆಗೂ ವಿರುದ್ಧ ನಿಂತ ಕೂಟ ಅದು. 1970ರ ದಶಕದಿಂದ ಅದು ಒಡೆದು, ಪೈಪೋಟಿಯ ಕೂಟಗಳು ಹುಟ್ಟಿ, ಸೇನಾ ಆಡಳಿತದ ಕಾಲದಲ್ಲಿ ಅವು ಬಂದೂಕು ಹಿಡಿದವು. ಆಡಳಿತಗಳನ್ನು ಪ್ರಶ್ನಿಸುತ್ತಿದ್ದ ವಿದ್ಯಾರ್ಥಿ ಸಂಘಗಳನ್ನು ಬಗ್ಗುಬಡಿಯಲು ಈ ಕೂಟಗಳನ್ನು ಬಳಸಿಕೊಳ್ಳಲಾಯಿತು ಎಂಬ ಆರೋಪ ಅಲ್ಲಿ ಇಂದಿಗೂ ಗಟ್ಟಿಯಾಗಿದೆ. 1984ರಲ್ಲಿ ಮೂಲ ಪೈರೇಟ್ಸ್ ಕ್ಯಾಂಪಸ್‌ಗಳಿಂದ ಹೊರನಡೆಯಿತು, ಉಳಿದವು ನಿಂತವು.

1999ರ ಜುಲೈ 10ರ ನಸುಕಿನಲ್ಲಿ ಇಲೆ-ಇಫೆಯ ಒಬಾಫೆಮಿ ಅವೊಲೊವೊ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿಗೆ ನುಗ್ಗಿದ ಗುಂಪು ಐವರು ವಿದ್ಯಾರ್ಥಿಗಳನ್ನು ಕೊಂದಿತು. ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿ ಅವರಲ್ಲೊಬ್ಬರು. ಆ ಸಂಘ ರಹಸ್ಯ ಕೂಟಗಳನ್ನು ಬಹಿರಂಗವಾಗಿ ಎದುರಿಸುತ್ತಿತ್ತು. ಅಷ್ಟು ಹೊತ್ತಿಗಾಗಲೇ ನಿಷೇಧದ ಕಾನೂನುಗಳಿದ್ದವು. ಅವು ಕೆಲಸ ಮಾಡಲಿಲ್ಲ, ಏಕೆಂದರೆ ಸದಸ್ಯತ್ವವನ್ನು ಸಾಬೀತು ಮಾಡಲು ಸಾಕ್ಷಿ ಬೇಕು, ಸಾಕ್ಷಿ ಹೇಳುವ ವಿದ್ಯಾರ್ಥಿ ಅದೇ ಹಾಸ್ಟೆಲ್‌ಗೆ ಮರಳಬೇಕು. ಸದಸ್ಯತ್ವವೇ ಅಪರಾಧವಾದಾಗ ಹೊರಬರಬಯಸುವವನೂ ಬಾಯಿ ಬಿಡಲಾರ.

ಕೆಲಸ ಮಾಡುವ ತಿದ್ದುಪಡಿಗಳು, ಅವು ಎಡವುವ ಜಾಗಗಳು

ಸಂಘವನ್ನು ಬೆನ್ನಟ್ಟುವುದಕ್ಕಿಂತ ಅದರ ಗೆಲುವಿನ ಲೆಕ್ಕವನ್ನು ಬದಲಿಸುವುದು ಸುಲಭ. ಮೊದಲ ಕೆಲಸ, ಮತ ಹಂಚಿಹೋಗದಂತೆ ನೋಡುವುದು. ಆದ್ಯತೆಯ ಕ್ರಮದಲ್ಲಿ ಮತ ಹಾಕಿಸಿದರೆ ನಮ್ಮ ಉದಾಹರಣೆಯ 1,800 ಮತಗಳು ಮೂರನೆಯವನೊಂದಿಗೆ ಸಾಯದೆ ಎರಡನೇ ಆಯ್ಕೆಗೆ ಹೋಗುತ್ತವೆ. ಅವುಗಳಲ್ಲಿ 1,126 ಎರಡನೆಯವನಿಗೆ ದಾಟಿದರೂ ಅವನು 3,376ಕ್ಕೆ ತಲುಪಿ, ಚಲಾವಣೆಯಾದ ಮತಗಳ ಅರ್ಧವನ್ನು ದಾಟಿ ಗೆಲ್ಲುತ್ತಾನೆ. ಎರಡನೇ ಸುತ್ತಿನ ಮತದಾನದಿಂದಲೂ ಇದೇ ಫಲ ಸಿಗಬಹುದು. ಆದರೆ ಅಲ್ಲೊಂದು ಅಪಾಯವಿದೆ. ಎರಡನೇ ಸುತ್ತಿಗೆ ಹೊರಗಿನವರು ಬರುವುದು ಇನ್ನೂ ಕಡಿಮೆ, ಗುಂಪು ಮಾತ್ರ ಪೂರ್ತಿ ಬರುತ್ತದೆ.

ಎರಡನೆಯದು ಫೋನಿನ ಸಮಸ್ಯೆ. ಎಸ್ಟೋನಿಯಾ 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿದೆ. ಅಲ್ಲಿ ಅವಧಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಮತ ಬದಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ಸೋಫಾದ ಮೇಲೆ ಪಕ್ಕದವಳ ಎದುರು ಹಾಕಿದ ಮತವನ್ನು ರಾತ್ರಿ ಕೋಣೆಯಲ್ಲಿ ಒಬ್ಬಳೇ ತಿದ್ದಬಹುದೆಂದಾದರೆ ಸ್ಕ್ರೀನ್‌ಶಾಟ್‌ಗೆ ಬೆಲೆ ಉಳಿಯುವುದಿಲ್ಲ. ಇದಕ್ಕೆ ಒಂದೆರಡು ಷರತ್ತುಗಳಿವೆ. ಮತದಾನ ಕನಿಷ್ಠ ಒಂದು ರಾತ್ರಿಯನ್ನಾದರೂ ದಾಟಬೇಕು. ದೃಢೀಕರಣದ ಸಂದೇಶದಲ್ಲಿ ಯಾರಿಗೆ ಮತ ಎಂಬುದು ಕಾಣಬಾರದು. ಬದಲಿಸಿದ ಕುರುಹೂ ಮತದಾರರ ಖಾತೆಯಲ್ಲಿ ಉಳಿಯಬಾರದು. ಕೊನೆಯದನ್ನು ಮರೆತರೆ ಮನೆಯವರು ಮರುದಿನ ಖಾತೆ ತೆರೆಸಿ ನೋಡುತ್ತಾರೆ.

ಮೂರನೆಯದು ಹಂಚಿಕೆ. ಕ್ರೀಡಾಂಗಣದ ಆಸನಗಳನ್ನು ಲಾಟರಿಗೆ ಬಿಟ್ಟರೆ, ಅನುದಾನದ ಪ್ರತಿ ಅರ್ಜಿ, ಕೇಳಿದ ಮೊತ್ತ, ಸಿಕ್ಕ ಮೊತ್ತ, ಪರ ವಿರೋಧ ಮತ ಹಾಕಿದವರ ಹೆಸರು ಎಲ್ಲವನ್ನೂ ವಾರದೊಳಗೆ ಪ್ರಕಟಿಸಿದರೆ ಗೆಲುವಿನ ಲಾಭ ಕುಗ್ಗುತ್ತದೆ. ಲಾಭ ಕುಗ್ಗಿದಂತೆ ಮನೆಗಳಿಗೆ ಶಿಸ್ತಿನ ಅಗತ್ಯವೂ ಕುಗ್ಗುತ್ತದೆ. ನಾಲ್ಕನೆಯದಾಗಿ, ಸದಸ್ಯತ್ವದ ಬದಲು ಬೆಂಬಲವನ್ನು ಘೋಷಿಸಲು ಅಭ್ಯರ್ಥಿಗಳನ್ನು ಕೇಳಬಹುದು: ಪ್ರಚಾರಕ್ಕೆ ಹಣ, ಜಾಗ, ಜನ ಕೊಟ್ಟ ಸಂಘಟನೆಗಳಾವುವು? ಇದು ಸಾಮಾನ್ಯ ಸದಸ್ಯನ ಗೋಪ್ಯತೆಯನ್ನು ಮುಟ್ಟುವುದಿಲ್ಲ, ಹುದ್ದೆ ಬಯಸಿದವನನ್ನು ಮಾತ್ರ ಪ್ರಶ್ನಿಸುತ್ತದೆ. 2017ರಲ್ಲಿ ಅಲಬಾಮಾದ ಕಪ್ಪು ಅಭ್ಯರ್ಥಿಯೊಬ್ಬರು ತಮಗೆ ಮಷೀನ್ ಬೆಂಬಲವಿದೆ ಎಂದು ವಿದ್ಯಾರ್ಥಿ ಪತ್ರಿಕೆಯಲ್ಲಿ ತಾವಾಗಿಯೇ ಬರೆದು, ನಂತರ ಗೆದ್ದರು. ಆ ಸಲ ಮತದಾರರಿಗೆ ಯಾರ ಅಭ್ಯರ್ಥಿಗೆ ಮತ ಹಾಕುತ್ತಿದ್ದೇವೆಂದು ಮೊದಲೇ ಗೊತ್ತಿತ್ತು.

ಈ ನಾಲ್ಕೂ ತಿದ್ದುಪಡಿಗಳಿಗೆ ವಿದ್ಯಾರ್ಥಿ ಸೆನೆಟ್‌ನ ಒಪ್ಪಿಗೆ ಬೇಕಾದರೆ ಅವು ಅಲ್ಲೇ ಬೀಳುತ್ತವೆ, ಏಕೆಂದರೆ ಆ ಸೆನೆಟ್ ಹಳೆಯ ಲೆಕ್ಕದಲ್ಲೇ ಗೆದ್ದು ಬಂದದ್ದು. ಮತದಾನದ ತಂತ್ರಾಂಶ ಮತ್ತು ಕ್ರೀಡಾಂಗಣದ ಆಸನ ಮಾತ್ರ ವಿಶ್ವವಿದ್ಯಾಲಯದ ಆಡಳಿತದ ಕೈಯಲ್ಲೇ ಇರುತ್ತವೆ. ಅವುಗಳನ್ನು ಬದಲಿಸಲು ಯಾರ ಸದಸ್ಯರ ಪಟ್ಟಿಯೂ ಬೇಕಿಲ್ಲ.